ಏಳನೇ ಕೋಣೆಯ ಹಸಿರು ಬಾಣ

ಬಾಣ ಬಿಳಿಚಿಕೊಂಡಿತ್ತು.

ಏಳನೇ ಕೋಣೆಯ ಚಾವಣಿ ನೋಡುತ್ತ ವೆನಿಂಗ್ ನಿಂತಲ್ಲೇ ನಿಂತಳು. ನಿನ್ನೆಯವರೆಗೂ ಅಲ್ಲಿ ಕಡುಹಸಿರು ಬಾಣವಿತ್ತು. ಹಾಸಿಗೆ ಬಿಟ್ಟೇಳಲಾರದ ರೋಗಿಗೂ ನಮಾಜಿನ ದಿಕ್ಕು ತಿಳಿಯಲಿ ಎಂದು ಜಾವಾದ ಸೆಮರಾಂಗ್ ಊರಿನ ಈ ರುಕ್ಮಾ ವಾಲುಯ ಆಸ್ಪತ್ರೆಯ ಪ್ರತಿ ಕೋಣೆಯ ಚಾವಣಿಗೂ ಅಂಟಿಸಿದ ಅಂಗೈಯಗಲದ ಸ್ಟಿಕರ್ ಅದು. ಈಗ ನೋಡಿದರೆ ಹಳೇ ಬನಿಯನ್ನಿನ ಬಣ್ಣ.

"ಇದೇನಾ ನಿಮ್ಮ ಸಾಕ್ಷಿ, ಸಿಸ್ಟರ್?" ಎಂದರು ಆಸ್ಪತ್ರೆಯ ನಿರ್ದೇಶಕ ಡಾ. ಹೆಂದಾರ್ತೊ, ಬಾಟಿಕ್ ಅಂಗಿಯ ತೋಳು ಸರಿಮಾಡಿಕೊಳ್ಳುತ್ತ. "ಎಲ್ಲಾ ಕೋಣೆ ಥರಾನೇ ಇದೆಯಲ್ರೀ. ಬೆಳ್ಳಗೆ!"

ಈ ಕೋಣೆಯಲ್ಲಿ ಮಲಗಿದ್ದ ಮೂವರು ಸುಟ್ಟಗಾಯದ ರೋಗಿಗಳು ಒಬ್ಬರ ಹಿಂದೊಬ್ಬರು ಒಂದೇ ಸೋಂಕಿನಿಂದ ಸತ್ತಿದ್ದರು. ಮೂರೂ ಸಾವು ವಾರ್ಡಿನ ಮುಖ್ಯ ನರ್ಸ್ ವೆನಿಂಗಳ ಕೊರಳಿಗೆ ಬಿದ್ದಿದ್ದವು.

ಹೇಗೆ ಬಿದ್ದವು ಅಂತೀರಾ? ರೋಗಿ ಖಾಲಿ ಮಾಡಿದ ಕೋಣೆಯನ್ನು ತೊಳೆದು, ಆಳೆತ್ತರದ ನೇರಳಾತೀತ ದೀಪವನ್ನು ಒಳಗೆ ತಳ್ಳಿ, ಬಾಗಿಲು ಮುಚ್ಚಿ ಉರಿಸುವುದು ಇಲ್ಲಿನ ಪದ್ಧತಿ. ಆ ಬೆಳಕು ಬಿದ್ದಲ್ಲಿ ಕ್ರಿಮಿ ಉಳಿಯುವುದಿಲ್ಲ. ಮೂಲೆಮೂಲೆಗೂ ಬಿತ್ತೇ ಎಂದು ಅಳೆಯಲು ಗೋಡೆಗಳ ಮೇಲೆ ಬೆಂಕಿಪೊಟ್ಟಣದಷ್ಟು ಪುಟ್ಟ ಸೆನ್ಸರ್‌ಗಳಿವೆ. ತಂತಿಯಿಲ್ಲದೆ ಅವು ಕಳಿಸುವ ಲೆಕ್ಕ ನರ್ಸ್‌ಗಳ ಮೇಜಿನ ಪರದೆಗೆ ಬರುತ್ತದೆ. ಸಾಕಷ್ಟು ಬೆಳಕು ಬಿದ್ದರೆ ಹಸಿರು, ಇಲ್ಲವಾದರೆ ಕೆಂಪು.

ಏಳನೇ ಕೋಣೆ ಒಂದು ಸಲವೂ ಕೆಂಪಾಗಿರಲಿಲ್ಲ. ದೀಪ ಸರಿ, ಸೆನ್ಸರ್ ಸರಿ. ಹಾಗಾದರೆ ಕೊಳೆ ಇರುವುದು ನರ್ಸ್‌ಗಳ ಕೈಯಲ್ಲಿ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವವರಿಗೆ ಇಷ್ಟು ಸಾಕಲ್ಲ.

ಆದರೆ ಈ ಎಮ್ಮೆ ಬರೆಗೆ ಬೆನ್ನು ಕೊಡುವ ಜಾತಿಯದಲ್ಲ. ನಿನ್ನೆ ನಿರ್ದೇಶಕರ ಕೋಣೆಯಲ್ಲೇ ಅವಳು ಮೇಜು ಕುಟ್ಟಿ ಹೇಳಿದ್ದಳು: "ಆ ದೀಪ ಕ್ರಿಮಿ ಒಂದನ್ನೇ ಅಲ್ಲ, ಬಣ್ಣಾನೂ ತಿನ್ನುತ್ತೆ. ಎಲ್ಲಾ ಕೋಣೆ ಬಾಣಾನೂ ಮಾಸಿ ಬೆಳ್ಳಗಾಗಿದೆ. ಬಂದವರೆಲ್ಲ 'ಸಿಸ್ಟರ್, ದಿಕ್ಕು ಯಾವುದು?' ಅಂತ ನನ್ನ ಪ್ರಾಣ ತಿಂತಾರೆ. ಏಳನೇ ಕೋಣೆಯವರು ಮಾತ್ರ ಒಬ್ಬರೂ ಕೇಳಿಲ್ಲ. ಯಾಕೆ ಗೊತ್ತಾ? ಅಲ್ಲಿ ಬಾಣ ಇನ್ನೂ ಹೊಸ ಬಾಳೆ ಎಲೆ ಹಂಗಿದೆ. ಅಲ್ಲಿ ದೀಪಾನೇ ಉರಿದಿಲ್ಲ!"

ಅದನ್ನು ತೋರಿಸಲೆಂದೇ ಈಗ ಎಲ್ಲರನ್ನೂ ಕರೆತಂದಿದ್ದಳು. ನೆಲ ಬಾಯ್ಬಿಟ್ಟರೆ ಇಳಿದುಬಿಡಬೇಕು ಎನ್ನಿಸಿತು.

"ಮೂರು ಗಂಟೆಗೆ ಪತ್ರಕರ್ತರು ಬರ್ತಾರೆ," ಹೆಂದಾರ್ತೊ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಯವಾಗಿ ಹೇಳಿದರು. "ನಮ್ಮ ವಾರ್ಡಿನಿಂದ ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡಿ. ನಿಮ್ಮ ಲೈಸೆನ್ಸಿಗೆ ಏನೂ ಆಗದ ಹಾಗೆ ನಾನು ನೋಡ್ಕೋತೀನಿ. ಕೋಣೆ ತೆರೀಬೇಕು ಸಿಸ್ಟರ್. ಬು ಮುರ್ತಿನಾ ಕಾರಿಡಾರಲ್ಲಿ ಮಲಗಿದಾರೆ."

ಬು ಮುರ್ತಿನಾ, ಎಂದರೆ ಮುರ್ತಿನಾ ಅಮ್ಮ, ಬಂಡೆಂಗ್ ಮೀನನ್ನು ಮುಳ್ಳೂ ಮೆತ್ತಗಾಗುವಂತೆ ಬೇಯಿಸಿ ಮಾರುವವಳು. ಮೀನಿನ ದೊಡ್ಡ ಕುಕ್ಕರಿನ ಮುಚ್ಚಳ ಹಾರಿ ಎದೆ, ಕುತ್ತಿಗೆ, ಎರಡೂ ತೋಳು ಬೆಂದುಹೋಗಿದ್ದವು. ಬೆಳಿಗ್ಗೆ ಡ್ರೆಸಿಂಗ್ ಬದಲಿಸುವಾಗಲೂ ಹಲ್ಲು ಕಚ್ಚಿಕೊಂಡು ವೆನಿಂಗಳನ್ನು ಚುಡಾಯಿಸಿದ್ದಳು: "ನನ್ನನ್ನೂ ಮುಳ್ಳು ಮೆತ್ತಗಾಗೋ ಹಂಗೆ ಬೇಯಿಸಿದಾರೆ ಸಿಸ್ಟರ್, ಇನ್ನು ಮಾರೋದೊಂದೇ ಬಾಕಿ."

ವೆನಿಂಗ್ ಮೂರು ಗಂಟೆಗೆ ತಪ್ಪಾಯಿತೆಂದರೆ ಪ್ರಕರಣ ಮುಚ್ಚಿತು, ಕೋಣೆ ತೆರೆಯಿತು. ಆಮೇಲೆ ಈ ಹಾಸಿಗೆಯ ಮೇಲೆ ನಾಲ್ಕನೆಯವಳಾಗಿ ಮುರ್ತಿನಾ.

"ಹೇಳೋದಿಲ್ಲ," ಎಂದಳು ವೆನಿಂಗ್.

"ಹಠ ಬೇಡ."

"ಹಠಾನೇ. ಏನಿವಾಗ?"

ಬಾಗಿಲ ಬಳಿ ಕೀಗೊಂಚಲು ಸದ್ದಾಯಿತು. "ಡಾಕ್ಟರೇ, ಹೆಣ್ಣುಮಗಳನ್ನ ಹೀಗೆ ಗೋಳು ಹೊಯ್ಕೋಬೇಡಿ," ಎಂದರು ಪಾಕ್ ಮಾರ್ವೊತೊ.

ಸ್ವಚ್ಛತಾ ವಿಭಾಗದ ಹಿರಿಯರು, ದೀಪದ ಉಸ್ತುವಾರಿಯೂ ಅವರ ಹುಡುಗರದೇ. ಹೆತ್ತ ಅಪ್ಪನನ್ನು ಬೇಗ ಕಳೆದುಕೊಂಡ ವೆನಿಂಗಳಿಗೆ ಈ ಆಸ್ಪತ್ರೆಯಲ್ಲಿ ಕೆಲಸ ಕೊಡಿಸಿ, ಮದುವೆಯಲ್ಲಿ ಹಿರಿಯರಾಗಿ ನಿಂತವರು ಇವರೇ. ಅವಳು ಕರೆಯುವುದು ಪಾಕ್‌ದೆ ಎಂದು, ದೊಡ್ಡಪ್ಪ ಎಂದು. ಅವರು ಅವಳನ್ನು ನ್ದುಕ್ ಎನ್ನುತ್ತಾರೆ, ಜಾವಾದ ಅಪ್ಪಂದಿರು ಮಗಳನ್ನು ಕರೆಯುವ ಹಾಗೆ. ಈ ಅಪವಾದ ಬಂದಾಗಿನಿಂದ ಎಲ್ಲರೂ ಮುಖ ತಿರುಗಿಸಿದ್ದರು. ದಿನವೂ ಶುಂಠಿ ಚಹಾ ತಂದು ಪಕ್ಕದಲ್ಲಿ ಕೂತವರು ಇವರೊಬ್ಬರೇ.

"ನಾನಿದೀನಿ ನ್ದುಕ್. ಯಾರಿಗೂ ತಲೆ ಬಗ್ಗಿಸಬೇಡ," ಎಂದು ಅವರು ಕರವಸ್ತ್ರದಿಂದ ಕಣ್ಣೊತ್ತಿಕೊಂಡರು. ಕಣ್ಣು ಕೆಂಡವಾಗಿದ್ದವು. ಪಾಪ, ಮುದುಕರು ಅವಳಿಗಾಗಿ ಅತ್ತೂ ಅತ್ತೂ ಹೀಗಾಗಿದ್ದರು. "ನಮಾಜ್ ಮುಗಿಸಿ ಬರ್ತೀನಿ," ಎಂದು ಅವರು ಹೊರಟರು. ಗೊಂಚಲಿನ ಸದ್ದು ಕಾರಿಡಾರಿನಲ್ಲಿ ದೂರವಾಯಿತು.

ಒಳಗೆ ಉಳಿದವನು ಯೊಸುವಾ, ದೀಪ ಮತ್ತು ಸೆನ್ಸರ್ ಪೂರೈಸಿದ ಕಂಪನಿಯ ತಂತ್ರಜ್ಞ. ಅವನೂ ಟ್ಯಾಬ್ಲೆಟ್ ಕಂಪ್ಯೂಟರ್ ಹಿಡಿದು ಕಣ್ಣು ಪಿಳಿಪಿಳಿ ಮಾಡುತ್ತಿದ್ದ. ಅವನ ಕಣ್ಣೂ ಕೆಂಪು.

"ಯೊಸುವಾ, ನಿಮ್ಮ ಕಣ್ಣಿಗೇನಾಯ್ತು?" ವೆನಿಂಗ್ ಥಟ್ಟನೆ ಕೇಳಿದಳು.

"ದೀಪ, ಬು. ಮೊನ್ನೆ ಟ್ಯೂಬ್ ಪರೀಕ್ಷೆ ಮಾಡೋವಾಗ ಕನ್ನಡಕ ಹಾಕೋದು ಮರೆತೆ. ಒಂದು ಸ್ವಲ್ಪ ಹೊತ್ತು ಅದರ ಮುಂದೆ ನಿಂತ್ರೆ ಸಾಕು. ಆಗ ಏನೂ ಅನ್ಸಲ್ಲ, ಆಮೇಲೆ ಕಣ್ಣೊಳಗೆ ಮರಳು ಸುರಿದ ಹಂಗಾಗುತ್ತೆ. ನೀರು ಸುರೀತಾನೇ ಇರುತ್ತೆ."

ಅವಳು ಅವನನ್ನೇ ದುರುಗುಟ್ಟಿ ನೋಡಿದಳು. ನಿನ್ನೆ ಬಾಣದ ಮಾತು ಕೇಳಿಸಿಕೊಂಡವರಲ್ಲಿ ಇವನೂ ಒಬ್ಬ.

ಅಷ್ಟರಲ್ಲಿ ಕಿರಿಯ ನರ್ಸ್ ಸೆಕಾರ್ ಬಾಗಿಲಿನಿಂದ ತಲೆ ಹಾಕಿದಳು. "ಬು, ಹತ್ತನೇ ಕೋಣೆಯವರು ಕೂಗಾಡ್ತಿದಾರೆ. ನಿನ್ನೆ ಚಾವಣಿ ಮೇಲಿದ್ದ ಬಾಣ ಇವತ್ತಿಲ್ವಂತೆ."

ವೆನಿಂಗ್ ಮತ್ತೆ ಚಾವಣಿಯ ಬಾಣ ನೋಡಿದಳು.

"ಬಂದೆ ಅಂತ ಹೇಳು, ಹೋಗು," ಎಂದಳು ವೆನಿಂಗ್. ಸೆಕಾರ್ ಹೋದ ಮೇಲೆ ನಿರ್ದೇಶಕರ ಕಡೆ ತಿರುಗಿದಳು. ನಗು ತಾನಾಗಿ ಬಂತು. "ಕೇಳಿಸ್ತಾ? ಅಲ್ಲಿಂದ ಮಾಸಿದ ಬಾಣ ಮಾಯ, ಇಲ್ಲಿ ಮಾಸಿದ ಬಾಣ ಪ್ರತ್ಯಕ್ಷ. ನಾನು ನಿನ್ನೆ ಕುಂಬಳಕಾಯಿ ಕಳ್ಳ ಅಂದೆ ಅಷ್ಟೇ ಡಾಕ್ಟರೇ. ಬೆಳಗಾಗೋದ್ರೊಳಗೆ ಯಾರೋ ಹೆಗಲು ಮುಟ್ಟಿ ನೋಡ್ಕೊಂಡಿದಾರೆ!"

"ಸ್ಟಿಕರ್ ಉದುರಿರುತ್ತೆ. ಗುಡಿಸಿ ಬಿಸಾಕಿರ್ತಾರೆ. ಒಂದು ಕಾಗದದ ಚೂರು ಹಿಡ್ಕೊಂಡು ಇಷ್ಟು ದೊಡ್ಡ ಯಂತ್ರಾನೇ ಸುಳ್ಳು ಅಂತೀರಾ?"

ವೆನಿಂಗ್ ಹಾಸಿಗೆಯ ಬಳಿ ಹೋದಳು. ಚಪ್ಪಲಿ ಬಿಟ್ಟು ಆ ಬರಿಯ ಹಾಸಿಗೆಯ ಮೇಲೆ ಅಂಗಾತ ಮಲಗಿದಳು.

"ಏನ್ರೀ ಇದು!"

"ರೋಗಿ ಹೇಗೆ ನೋಡ್ತಾನೋ ಹಾಗೆ ನೋಡ್ತಿದೀನಿ. ಸುಮ್ನಿರಿ."

ಮೂವರು ಇಲ್ಲೇ ಮಲಗಿ ಇದನ್ನೇ ನೋಡುತ್ತ ಹೋದರು. ಆ ನೆನಪಿಗೆ ಮೈ ಉರಿಯಿತು. ಬಾಣ ಚಾವಣಿಯ ಹಲಗೆಗಳ ಗೆರೆಯ ಜೊತೆ ನೇರವಾಗಿ, ಅಚ್ಚುಕಟ್ಟಾಗಿ ಕಿಟಕಿಯತ್ತ ಹೋಗಿತ್ತು. ನೋಡಲು ಎಷ್ಟು ಚೆನ್ನ! ಆದರೂ ಏನೋ ಸರಿಯಿಲ್ಲ. ಅವಳು ಕಣ್ಣು ಮುಚ್ಚಿ, ಯಾರೋ "ಸಿಸ್ಟರ್, ದಿಕ್ಕು ಯಾವುದು?" ಎಂದು ಕೇಳಿದಂತೆ ಕಲ್ಪಿಸಿಕೊಂಡು ಸುಮ್ಮನೆ ಕೈಯೆತ್ತಿದಳು. ಎಷ್ಟು ವರ್ಷ ಎಷ್ಟು ಜನಕ್ಕೆ ತೋರಿಸಿದ ಕೈ. ಕಣ್ಣು ತೆರೆದಾಗ ಬೆರಳು ಕಿಟಕಿಯತ್ತ ಇರಲಿಲ್ಲ. ಕಿಟಕಿಯ ಬಲಕ್ಕೆ, ಗೋಡೆಯ ಮೂಲೆಯತ್ತ ಇತ್ತು.

ಅವಳು ಎದ್ದು ಕೂತಳು.

"ಇದು ಪಡುವಣಕ್ಕಿದೆ. ನೇರ ಪಡುವಣಕ್ಕೆ."

"ಮತ್ತೆಲ್ಲಿಗಿರ್ಬೇಕು?" ಎಂದ ಯೊಸುವಾ.

"ನಿಮಗೆ ಗೊತ್ತಿರೋಲ್ಲ ಬಿಡಿ, ನೀವು ಚರ್ಚಿಗೆ ಹೋಗೋರು. ನಮ್ಮೂರಲ್ಲಿ ಹಳಬರೆಲ್ಲ ಮೆಕ್ಕಾ ಅಂದ್ರೆ ಪಡುವಣ, ಮುಗೀತು ಅಂದ್ಕೊಂಡಿದ್ರು. ಅಳೆದು ನೋಡಿದ್ರೆ ಅದು ಬಡಗಣಕ್ಕೆ ಸ್ವಲ್ಪ ವಾಲುತ್ತೆ. ಅಳೆದೇ ಈ ಬಾಣಗಳನ್ನ ಅಂಟಿಸಿದ್ದು. ಎಲ್ಲಾ ಕೋಣೆಲೂ ಹಲಗೆ ಗೆರೆಗೆ ಓರೆಯಾಗಿವೆ. ಇದೊಂದೇ ನೆಟ್ಟಗಿದೆ."

ಯೊಸುವಾ ಕತ್ತೆತ್ತಿ ನೋಡಿದ. ಆಮೇಲೆ ತಲೆ ಕೆರೆದುಕೊಂಡ. "ಹಂಗಿದ್ರೆ ನನ್ನ ಮೇಲೆ ಅನುಮಾನ ಬಿಡಿ, ಬು. ನಿಮ್ಮ ನೋಟ ನನಗೆ ಅರ್ಥವಾಯ್ತು. ನನಗೆ ದಿಕ್ಕು ಗೊತ್ತಿಲ್ಲ. ನಾನಾಗಿದ್ರೆ ಹಳೇದು ಹೆಂಗಿತ್ತೋ ಹಂಗೇ ಅಂಟಿಸ್ತಿದ್ದೆ. ಓರೆ ಇದ್ದದ್ದನ್ನ ನೆಟ್ಟಗೆ ಮಾಡ್ಬೇಕು ಅಂದ್ರೆ, ನೆಟ್ಟಗಿರೋದೇ ಸರಿ ಅಂತ ಒಳಗೆ ನಂಬಿರ್ಬೇಕು."

ವೆನಿಂಗಳಿಗೆ ಅವನನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಕೈ ಅವಸರದಲ್ಲಿತ್ತು, ಮನಸ್ಸು ಹೆದರಿತ್ತು. ಹೆದರಿದ ಕೈ ತನಗೆ ಚಿಕ್ಕಂದಿನಿಂದ ರೂಢಿಯಾದ ದಿಕ್ಕಿಗೇ ಬಾಣ ತಿರುಗಿಸಿತ್ತು.

"ಇನ್ನೂ ಒಂದಿದೆ," ಯೊಸುವಾ ಟ್ಯಾಬ್ಲೆಟ್ ಮುಂದೆ ಹಿಡಿದ. ಹೆಂದಾರ್ತೊ ಕೆಮ್ಮಿದರು. ಅವನು ಲೆಕ್ಕಿಸಲಿಲ್ಲ. "ನಿನ್ನೆ ನೀವು ಕೂಗಾಡಿದ ಮೇಲೆ ಕೂತು ನೋಡಿದೆ. ಸೆನ್ಸರಿನ ಸಿಗ್ನಲ್ ಎಷ್ಟು ಜೋರಾಗಿದೆ ಅನ್ನೋದೂ ಇಲ್ಲಿ ಬರುತ್ತೆ. ನಿಮ್ಮ ಮೇಜಿಗೆ ಹತ್ತಿರದ ಕೋಣೆದು ಜೋರು, ದೂರದ್ದು ಕ್ಷೀಣ. ಏಳನೇದು ದೂರದಲ್ಲಿದೆ, ಯಾವಾಗ್ಲೂ ಕ್ಷೀಣ. ಆದ್ರೆ ದೀಪ ಉರಿಯೋ ಹೊತ್ತಿಗೆ ಮಾತ್ರ ಮೊದಲನೇ ಕೋಣೆಯಷ್ಟೇ ಜೋರು. ಆರಿದ ಮೇಲೆ ಮತ್ತೆ ಕ್ಷೀಣ."

"ಅಂದ್ರೆ?"

"ಯಾರೋ ಗೋಡೆಯಿಂದ ಬಿಡಿಸಿ, ಹತ್ತಿರದ ಇನ್ಯಾವುದೋ ಕೋಣೆಗೆ ಒಯ್ದು, ಅಲ್ಲಿ ಬೆಳಕು ಕುಡಿಸಿ ತಂದು ಅಂಟಿಸಿದಾರೆ. ಪ್ರತಿ ಸಲಾನೂ. ಸೆನ್ಸರ್ ಸುಳ್ಳು ಹೇಳಿಲ್ಲ ಬು. ಬೆಳಕು ಬಿತ್ತು ಅಂತು, ನಿಜಾನೇ. ಎಲ್ಲಿ ಬಿತ್ತು ಅಂತ ನಾವೇ ಕೇಳಲಿಲ್ಲ."

"ಯಾಕಯ್ಯಾ ಕೇಳಲಿಲ್ಲ? ಮೂರು ಜನ ಸತ್ತರು!"

"ಪರದೆ ಹಸಿರಾದ್ರೆ ಕೆಳಗಿನ ಅಂಕಿ ಯಾರು ನೋಡ್ತಾರೆ ಬು?" ಅವನು ತಲೆ ತಗ್ಗಿಸಿದ. "ನನ್ನದೂ ತಪ್ಪೇ."

"ಯಂತ್ರದ ತೊಡಕು," ಹೆಂದಾರ್ತೊ ಅಡ್ಡಬಂದರು. ಹಣೆಯ ಮೇಲೆ ಬೆವರಿತ್ತು. "ಕಂಪನಿಯವರು ಆಮೇಲೆ ವರದಿ ಕೊಡಲಿ. ಇದನ್ನೆಲ್ಲ ಹೊರಗೆ ಹೇಳಿದ್ರೆ ಆಸ್ಪತ್ರೆ ಮುಚ್ಚಿಹೋಗುತ್ತೆ, ಗೊತ್ತಿರಲಿ."

"ನಿನ್ನೆ ನಿಮ್ಮ ಕೋಣೆಯಲ್ಲಿ ಬಾಣದ ಮಾತು ಕೇಳಿದವರು ಮೂರೇ ಜನ ಡಾಕ್ಟರೇ. ನೀವು, ಯೊಸುವಾ, ಪಾಕ್ ಮಾರ್ವೊತೊ."

"ಹಾಗಾದ್ರೆ ನಿಮ್ಮ ಪಾಕ್‌ದೆನೂ ಕಳ್ಳರೇ ಅನ್ನಿ!"

"ಅವರ ಹೆಸರು ಎತ್ತಿದ್ರೆ ಚೆನ್ನಾಗಿರಲ್ಲ!" ವೆನಿಂಗಳ ದನಿ ಕಾರಿಡಾರಿನವರೆಗೂ ಕೇಳಿತು. "ಉಳಿದವರು ಯಾರು ಅಂತ ನೀವೇ ಲೆಕ್ಕ ಹಾಕಿ."

ಹೆಂದಾರ್ತೊ ಮುಖ ಕಪ್ಪಿಟ್ಟಿತು. "ಮೂರು ಗಂಟೆ," ಎಂದಷ್ಟೇ ಹೇಳಿ, ಮಧ್ಯಾಹ್ನದ ಬಾಂಗ್ ಕೇಳಿಸುತ್ತಿದ್ದ ಹಾಗೆ ಹೊರಟುಹೋದರು.

ಏಳನೇ ಕೋಣೆಗೆ ಬೀಗ ಹಾಕಿಸಿ, ಕೂಗಾಡುತ್ತಿದ್ದ ಹತ್ತನೇ ಕೋಣೆಯವರನ್ನು ಬಹಳ ಹೊತ್ತು ಸಮಾಧಾನಪಡಿಸಿ, ವೆನಿಂಗ್ ನಮಾಜಿನ ಕೋಣೆಗೆ ನಡೆದಳು. ಅವಳಿಗೆ ಒಂದು ಹಳೆಯ ಜಗಳ ನೆನಪಾಗಿತ್ತು. ದಿಕ್ಕು ಅಳೆದು ಅಲ್ಲಿನ ಜಮಖಾನೆಗಳನ್ನು ಓರೆಯಾಗಿ ಹಾಸಿದಾಗ ಎಷ್ಟೋ ಮಂದಿ ಮುನಿಸಿಕೊಂಡಿದ್ದರು. ಅಪ್ಪ, ಅಜ್ಜ ಎಲ್ಲ ನೆಟ್ಟಗೆ ನಿಂತದ್ದು ಸುಳ್ಳೇ ಎಂದು ಕೂಗಾಟವಾಗಿತ್ತು. ಓರೆ ಹಾಸಿದರೆ ಅರ್ಧ ಜಾಗ ದಂಡ ಎಂದು ಎಲ್ಲರಿಗಿಂತ ಜೋರಾಗಿ ಗೊಣಗಿದವರು ಈ ಹೆಂದಾರ್ತೊ. ಬರಬರುತ್ತ ಎಲ್ಲರೂ ಒಗ್ಗಿಕೊಂಡರು. ಒಗ್ಗಿಕೊಳ್ಳದವರು ಯಾರು? ಅದನ್ನು ನೋಡಬೇಕಿತ್ತು. ಹೆಂದಾರ್ತೊ ಕಿಟಕಿಯತ್ತ ನೆಟ್ಟಗೆ ನಿಂತಿದ್ದನ್ನು ಒಮ್ಮೆ ಕಣ್ಣಾರೆ ಕಂಡರೆ ಸಾಕು, ಮೂರು ಗಂಟೆಗೆ ಪತ್ರಕರ್ತರ ಮುಂದೆ ಅವರ ಬಾಟಿಕ್ ಬಿಚ್ಚಿಬಿಡುತ್ತೇನೆ ಎಂದುಕೊಂಡಳು. ಒಳಗೊಳಗೇ ಕುಣಿಯುವಷ್ಟು ಸಿಟ್ಟು.

ಕಾಲು ತೊಳೆದು ಹೆಂಗಸರ ಕಡೆಯ ಪರದೆಯ ಹಿಂದೆ ಸೇರಿಕೊಂಡಳು. ಪಾಳಿಯವರು ಬಂದ ಬಂದ ಹಾಗೆ ನಮಾಜ್ ಮಾಡಿ ಹೋಗುತ್ತಿದ್ದರು. ಪರದೆಯ ಸಂದಿಯಿಂದ ಇಣುಕಿದಳು.

ಹೆಂದಾರ್ತೊ ಮುಂದಿನ ಸಾಲಿನಲ್ಲಿದ್ದರು. ಓರೆ ಜಮಖಾನೆಯ ಗೆರೆಗೆ ಕೂದಲೆಳೆಯಷ್ಟೂ ತಪ್ಪದೆ, ಮೂಲೆಯತ್ತ ಮುಖ ಮಾಡಿ ನಿಂತಿದ್ದರು.

ಥೂ! ವೆನಿಂಗಳಿಗೆ ನಿಜಕ್ಕೂ ನಿರಾಸೆಯಾಯಿತು. ಅವರೇ ಆಗಿರಲಿ ಎಂದು ಅವಳು ಎಷ್ಟು ಬಯಸಿದ್ದಳು! ಉಳಿದವರನ್ನು ಒಬ್ಬೊಬ್ಬರಾಗಿ ನೋಡಿದಳು. ವಾಚ್‌ಮನ್ ಓರೆ. ಔಷಧಿ ಅಂಗಡಿಯವನು ಓರೆ. ಎಲ್ಲರೂ ಓರೆ.

ಹಿಂದಿನ ಕಂಬದ ಪಕ್ಕ ಒಂದು ಕುರ್ಚಿಯಿತ್ತು. ಮಂಡಿನೋವಿನವರು ಕೂತು ನಮಾಜ್ ಮಾಡುವ ಕುರ್ಚಿ. ಅದು ಯಾವಾಗಲೂ ಕಿಟಕಿಯತ್ತ ನೆಟ್ಟಗೇ ಇರುತ್ತಿತ್ತು. ಕಂಬ ಅಡ್ಡವಿರುವುದಕ್ಕೆ ಎಂದು ಎಲ್ಲರೂ ಅಂದುಕೊಂಡಿದ್ದರು, ವೆನಿಂಗಳೂ ಸೇರಿ. ಆದರೆ ಕಂಬ ಆಚೆಗಿತ್ತು. ಕುರ್ಚಿ ತಿರುಗಿಸಲು ಬೇಕಾದಷ್ಟು ಜಾಗವಿತ್ತು.

ಆ ಕುರ್ಚಿಯ ಮೇಲೆ, ತೊಡೆಯ ಮೇಲೆ ಕೈಯಿಟ್ಟುಕೊಂಡು, ನೇರ ಪಡುವಣಕ್ಕೆ ಮುಖ ಮಾಡಿ ಪಾಕ್‌ದೆ ಕೂತಿದ್ದರು.

ಇಲ್ಲ. ಅವಳ ಮನಸ್ಸು ಆ ಮಾತನ್ನು ಕೂಡಲೇ ಹೊರಗೆ ದೂಡಿತು. ಹಳೇ ಕಾಲದವರು, ರೂಢಿ ಬಿಟ್ಟಿಲ್ಲ, ಅಷ್ಟೆ. ತನ್ನ ಕೈ ಹಿಡಿದು ಈ ಆಸ್ಪತ್ರೆಯೊಳಗೆ ಕರೆತಂದವರು. ತನಗಾಗಿ ಅಳುವವರು.

ನಮಾಜ್ ಮುಗಿಯಿತು. ಅವರು ಸಲಾಂ ಹೇಳಿ ಬಲಕ್ಕೆ ತಿರುಗಿದರು, ಎಡಕ್ಕೆ ತಿರುಗಿದರು. ಎಡಕ್ಕೆ ತಿರುಗಿದಾಗ ಬಾಗಿಲಿನ ಬಿಸಿಲು ಮುಖಕ್ಕೆ ಬಿತ್ತು. ಅವರು ಚುರುಕೆಂದವರಂತೆ ಕಣ್ಣು ಕಿವುಚಿ, ಕರವಸ್ತ್ರ ತೆಗೆದು ಒತ್ತಿಕೊಂಡರು. ಕೆಂಪು ಕಣ್ಣು. ನೀರು ಸುರಿಯುವ ಕಣ್ಣು. ಒಳಗೆ ಮರಳು ಬಿದ್ದ ಹಾಗೆ.

ಅದು ಅಳುವಾಗಿರಲಿಲ್ಲ. ಒಂದು ದಿನವೂ ಅಳುವಾಗಿರಲಿಲ್ಲ. ಸೆನ್ಸರಿಗೆ ಬೆಳಕು ಕುಡಿಸುತ್ತ ದೀಪದ ಮುಂದೆ ನಿಂತ ಕಣ್ಣು ಅದು. ಆ ಶುಂಠಿ ಚಹಾ ಕುಡಿದ ಬಾಯೆಲ್ಲ ಕಹಿಯಾಯಿತು.

ಅವರು ಕಣ್ಣಿನಿಂದ ಕರವಸ್ತ್ರ ತೆಗೆದರು. ಪರದೆಯ ಸಂದಿಯಲ್ಲಿ ಅವಳ ಮುಖ ಕಂಡಿತು. ಅವಳು ನೋಡುತ್ತಿರುವುದು ತಮ್ಮನ್ನಲ್ಲ, ಕುರ್ಚಿಯನ್ನು ಎಂಬುದೂ ಕಂಡಿತು. ಮುದುಕರು ನಿಧಾನವಾಗಿ ಎದ್ದು, ಒಂದು ಕೈಯಿಂದ ಕುರ್ಚಿಯನ್ನು ಎಳೆದು, ಜಮಖಾನೆಯ ಓರೆ ಗೆರೆಗೆ ಸರಿಯಾಗಿ ತಿರುಗಿಸಿಟ್ಟರು.

ವೆನಿಂಗಳ ಫೋನ್ ನಡುಗಿತು. ಸೆಕಾರ್.

"ಬು, ಬು ಮುರ್ತಿನಾರನ್ನ ಏಳನೇ ಕೋಣೆಗೆ ಹಾಕಿದ್ವಿ. ಡ್ರೆಸಿಂಗೂ ಅಲ್ಲೇ ಬದಲಿಸಿದ್ವಿ."

"ಏನಂದೆ? ಯಾರೇ ಹೇಳಿದ್ದು ನಿನಗೆ!"

"ನೀವೇ ಅಂತಲ್ಲ ಬು? ಸಿಸ್ಟರ್ ಅಪ್ಪಣೆ ಅಂತ ಪಾಕ್ ಮಾರ್ವೊತೊ ಬಂದು ಹೇಳಿ ಬೀಗ ತೆಗೆದುಕೊಟ್ರು. ಪರದೆ ಮೇಲೂ ಹಸಿರಿತ್ತು..."

"ಈಗಿಂದೀಗ್ಲೇ ಹೊರಗೆ ತನ್ನಿ! ಗಾಯ ಮತ್ತೆ ತೊಳೀಬೇಕು, ಡಾಕ್ಟರನ್ನ ಕರಿ, ಓಡು!"

ಅವಳು ಪರದೆ ಸರಿಸಿ ಗಂಡಸರ ಕಡೆಗೇ ನುಗ್ಗಿದಳು. ಯಾರೋ "ಏಯ್, ಏಯ್" ಎಂದರು. ಅವಳು ಕಂಬದ ಪಕ್ಕ ಹೋಗಿ ನಿಂತಳು.

"ಯಾಕೆ?" ಎಂದಳು. ಪಾಕ್‌ದೆ ಎಂಬ ಮಾತು ಬಾಯಿಗೆ ಬರಲಿಲ್ಲ.

"ಮೆಲ್ಲಗೆ, ನ್ದುಕ್." ಅದೇ ಅಕ್ಕರೆಯ ದನಿ. ಅದೇ ಅವಳನ್ನು ಹೆಚ್ಚು ಸುಟ್ಟಿತು. "ಆ ಕೋಣೆಯಲ್ಲಿ ದೀಪ ಯಾಕೆ ಉರಿಸಬಾರದು ಅನ್ನೋದು ನಿನಗೆ ಬೇಡದ ವಿಷಯ. ಬೇಡ ಅಂತಾನೇ ಇಷ್ಟು ದಿನ ನಿನ್ನ ಪಕ್ಕ ಕೂತು ಕಾದೆ. ನೀನು ಕೇಳಲಿಲ್ಲ. ಈಗ ನೋಡು. ಆಕೆ ಆ ಹಾಸಿಗೆ ಮೇಲೆ ಮಲಗಿ ಆಯ್ತು. ನಿನ್ನ ಹೆಸರಿನ ಅಪ್ಪಣೆ ಮೇಲೆ. ಏಳನೇ ಕೋಣೆಗೆ ಬೆಳಕು ಬಿದ್ದಿಲ್ಲ ಅಂತ ಇನ್ನು ನೀನು ಬಾಯಿ ಬಿಟ್ರೆ, ಗೊತ್ತಿದ್ದೂ ಅವಳನ್ನ ಒಳಗೆ ಕಳಿಸಿದೋಳು ನೀನೇ ಆಗ್ತೀಯ. ತಪ್ಪಾಯ್ತು ಅಂದುಬಿಡು ಮಗಳೇ. ಒಂದು ಮಾತಿಗೆ ಎಲ್ಲಾ ಮುಗಿಯುತ್ತೆ."

ತಲೆ ಬಗ್ಗಿಸಬೇಡ ಎಂದ ಬಾಯಿ ಅದೇ.

ವೆನಿಂಗ್ ಅವರ ಕೈಯಲ್ಲಿದ್ದ ಕೀಗೊಂಚಲನ್ನು ಕಿತ್ತುಕೊಂಡಳು.

"ಹಾಗಾದ್ರೆ ಅದನ್ನೂ ಸೇರಿಸಿ ಹೇಳ್ತೀನಿ," ಎಂದಳು.

ಕಿಟಕಿಯಾಚೆ, ಹೇಳಿದ ಹೊತ್ತಿಗಿಂತ ಬಹಳ ಮೊದಲೇ, ಕ್ಯಾಮೆರಾ ಹೊತ್ತ ಮೊದಲ ಬೈಕು ಗೇಟು ದಾಟಿ ಒಳಗೆ ಬರುತ್ತಿತ್ತು. ಅದನ್ನು ಎದುರುಗೊಳ್ಳಲು ಮೆಟ್ಟಿಲ ಮೇಲೆ ಹೆಂದಾರ್ತೊ ಆಗಲೇ ಹೋಗಿ ನಿಂತಿದ್ದರು, ಮತ್ತು ಕೈ ತೋರಿಸಿ ಕರೆಯುತ್ತಿದ್ದುದು ವೆನಿಂಗಳನ್ನಲ್ಲ, ಏಳನೇ ಕೋಣೆಯಿಂದ ಡಾಕ್ಟರನ್ನು ಕರೆಯಲು ಗಾಬರಿಯಾಗಿ ಓಡಿಬಂದಿದ್ದ, 'ಸಿಸ್ಟರ್ ಅಪ್ಪಣೆ' ಎಂದು ಸಾಕ್ಷಿ ಹೇಳಬಲ್ಲ ಸೆಕಾರಳನ್ನು.